ಕೇಳದೆ ಉಳಿದ ಓದು

ಸೊಸೆಗೆ ಪಾರ್ಸೆಲ್ ಗೋದಾಮಿನಲ್ಲಿ ಕೆಲಸ. ಅಲ್ಲಿ ಅವಳದು ಕೊನೆಯ ಮೇಜು. ವಿಳಾಸದ ಚೀಟಿ ಕಿತ್ತುಹೋದವು, ನೀರು ಬಿದ್ದು ಅಕ್ಷರ ಅಳಿಸಿದವು, ಎರಡು ಊರಿನ ಮುದ್ರೆ ಹೊತ್ತು ಎಲ್ಲಿಗೂ ಸಲ್ಲದೆ ಹೋದವು, ಹೀಗೆ ದಿಕ್ಕಿಲ್ಲದ ಪೆಟ್ಟಿಗೆಗಳೆಲ್ಲ ಸುತ್ತಿ ಸುತ್ತಿ ಅವಳ ಮುಂದೆ ಬಂದು ಕೂರುತ್ತಿದ್ದವು. ಅವು ಯಾರ ಮನೆಯವೆಂದು ಪತ್ತೆ ಹಚ್ಚಿ, ಹೊಸ ಪೆಟ್ಟಿಗೆಗೆ ತುಂಬಿ ಕಳಿಸುವುದು ಅವಳ ಪಾಲಿನ ಕೆಲಸ. ಆ ಮೇಜಿಗೆ ಎರಡು ನಿಯಮಗಳಿದ್ದವು. ಯಾರದೆಂದು ತಿಳಿಯುವಷ್ಟು ಮಾತ್ರ ಬಿಚ್ಚಬೇಕು, ತಿಳಿದ ಕೂಡಲೇ ಮುಚ್ಚಬೇಕು. ಸಾಮಾನು ಹೊಸ ಪೆಟ್ಟಿಗೆಗೆ ಹೋದ ಮೇಲೆ ಹಳೆಯದನ್ನು ಅಲ್ಲೇ ಹರಿದು ಹಾಕಬೇಕು. ಇಲ್ಲದಿದ್ದರೆ ಖಾಲಿ ಪೆಟ್ಟಿಗೆಯೂ ಲಾರಿ ಹತ್ತಿ ಊರೂರು ಅಲೆದು ಬರುತ್ತದೆ. ಈ ಎರಡೂ ಅವಳ ರಕ್ತದಲ್ಲಿ ಇಳಿದುಬಿಟ್ಟಿದ್ದವು. ಬಾಗಿಲಿಗೆ ಬೀಗ ಹಾಕಿದ ಮೇಲೂ ಎರಡು ಸಲ ಎಳೆದು ನೋಡುವ ಜಾತಿಯವಳು ಅವಳು.

ಒಂದು ರಜೆಯ ದಿನ ಈ ಎರಡನೆಯ ನಿಯಮವನ್ನು ಮನೆಗೂ ತಂದಳು. ಆದ ಅನಾಹುತವೆಲ್ಲ ಅಲ್ಲಿಂದ.

ಮನೆಯಲ್ಲಿ ಟಿವಿಯ ಕೆಳಗೆ ಒಂದು ಕಪ್ಪು ಪೆಟ್ಟಿಗೆ ಇತ್ತು. ಗಂಡ ಅದನ್ನು ಸರ್ವರ್ ಎನ್ನುತ್ತಿದ್ದ, ಅತ್ತೆ 'ಇವರ ಪೆಟ್ಟಿಗೆ' ಎನ್ನುತ್ತಿದ್ದರು. ಇವರು ಎಂದರೆ ಮಾವ. ಅವರು ಇಲ್ಲವಾಗಿ ಎರಡು ವರ್ಷ ದಾಟಿತ್ತು. ಬದುಕಿನುದ್ದಕ್ಕೂ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಎಲ್ಲಿಗೆ ಬರುತ್ತದೆ, ಎಷ್ಟು ತಡವಾಗುತ್ತದೆ ಎಂದು ಕೂಗಿ ಹೇಳಿದವರು. ಅವರು ನಿವೃತ್ತರಾಗುವ ಹೊತ್ತಿಗೆ ಅತ್ತೆಯ ಕಣ್ಣು ಪೂರ್ತಿ ಹೋಗಿತ್ತು. ಅಂದಿನಿಂದ ಸಂಜೆಯಾದರೆ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಪುಸ್ತಕ ಓದಿ ಹೇಳುವುದು ಮಾವನ ಹೊಸ ನೌಕರಿಯಾಯಿತು. ಓದುವಾಗ ಪಕ್ಕದಲ್ಲಿ ರೆಕಾರ್ಡರ್ ಇಟ್ಟುಕೊಳ್ಳುತ್ತಿದ್ದರು. ತಾನು ಮಧ್ಯಾಹ್ನ ಮಲಗಿದಾಗ ಅವಳು ಬೇಕಾದ್ದನ್ನು ಮತ್ತೆ ಕೇಳಿಕೊಳ್ಳಲಿ ಎಂದು.

ಶುರು ಮಾತ್ರ ಯಾವತ್ತೂ ಒಂದೇ. ಒಮ್ಮೆ ಗಂಟಲು ಸರಿಮಾಡಿಕೊಂಡು, 'ಪ್ರಯಾಣಿಕರೇ, ದಯವಿಟ್ಟು ಗಮನಿಸಿ' ಎಂದು ಗಂಭೀರವಾಗಿ ಹೇಳಿ, ನಿನ್ನೆ ನಿಲ್ಲಿಸಿದ ಪುಟದಿಂದ ನೇರ ಹೊರಟುಬಿಡುವುದು. ಇದ್ದ ಪ್ರಯಾಣಿಕರು ಒಬ್ಬರೇ. ಓದಿನ ವೇಗವೂ ರೈಲಿನದೇ. ಅಲ್ಪವಿರಾಮವೆಂದರೆ ಅವರಿಗೆ ಗಾಡಿ ನಿಲ್ಲದ ಸಣ್ಣ ಸ್ಟೇಷನ್ನು. ಅತ್ತೆ ಎರಡು ಮಾತಿಗೊಮ್ಮೆ ಹೂಂಗುಟ್ಟಿ, 'ಸ್ವಲ್ಪ ತಡೀರಿ, ಯಾರು ಯಾರ ಮಗ?' ಎಂದು ಕೇಳಿ ಅವರನ್ನು ಹಿಡಿದು ನಿಲ್ಲಿಸಬೇಕಿತ್ತು.

ಮಾವ ಪ್ರತಿ ಓದನ್ನೂ ಪೆಟ್ಟಿಗೆಗೆ ಹಾಕಿ, ಒಂದೇ ಬೆರಳಲ್ಲಿ ಕುಟ್ಟಿ ಹೆಸರು ಕೊಡುತ್ತಿದ್ದರು. ಯಾವ ಪುಸ್ತಕ, ಎಷ್ಟನೆಯ ಅಧ್ಯಾಯ ಎಂದು ಬರೆದು, ಅದರ ಕೆಳಗೆ ತಮ್ಮದೊಂದು ಒಗ್ಗರಣೆ: 'ಇದು ಅವಳಿಗೆ ಹಿಡಿಸಲಿಲ್ಲ.' 'ಇಲ್ಲಿ ಎರಡು ಸಲ ನಕ್ಕಳು.' 'ನಡುವೆ ನನಗೂ ಅವಳಿಗೂ ವಾದವಾಯಿತು, ಅವಳೇ ಸರಿ.' ಅತ್ತೆ ರಿಮೋಟಿನ ಬಾಣದ ಗುಂಡಿ ಒತ್ತುತ್ತ ಹೋದರೆ ಟಿವಿಯೊಳಗಿನ ಯಂತ್ರದ ದನಿ ಒಂದೊಂದನ್ನೇ ಓದಿ ಹೇಳುತ್ತಿತ್ತು. ಮಾವ ಹೋದ ಮೇಲೆ ಅತ್ತೆಯ ಸಂಜೆಗೆ ಅದೇ ಊರುಗೋಲು.

ಆ ಪೆಟ್ಟಿಗೆಯ ಡಿಸ್ಕು ಕೆಲವು ದಿನಗಳಿಂದ ಟಿಕ್ ಟಿಕ್ ಎನ್ನಲು ಹತ್ತಿತ್ತು. ಅದು ಇನ್ನು ಹೆಚ್ಚು ದಿನ ಬಾಳುವುದಿಲ್ಲವೆಂದು ಸೊಸೆಗೆ ಗೊತ್ತಾಯಿತು. ಸಂಜೆ ತರಗತಿಗೆ ಹೋಗಿ ಕಂಪ್ಯೂಟರ್ ಕಲಿತವಳು ಮನೆಯಲ್ಲಿ ಅವಳೊಬ್ಬಳೇ. ಗಂಡ ಲಿಫ್ಟ್ ಮೆಕ್ಯಾನಿಕ್ಕು. ಸದ್ದು ಮಾಡುವ ಯಾವ ಯಂತ್ರ ಕಂಡರೂ ಗ್ರೀಸ್ ಹಚ್ಚು ಎನ್ನುವವನು. ಅವಳು ಹೊಸ ಡಿಸ್ಕು ತಂದಳು. ಓದುಗಳ ಫೈಲನ್ನೆಲ್ಲ ಅದಕ್ಕೆ ಸಾಗಿಸಿದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದೊಂದನ್ನೂ ತಾಳೆ ನೋಡಿದಳು. ಒಂದೂ ಬಿಟ್ಟಿರಲಿಲ್ಲ. ಹಾಗೆ ಖಾತ್ರಿಯಾದ ಮೇಲೆ, ಸಾಮಾನು ಹೊಸ ಪೆಟ್ಟಿಗೆಗೆ ಹೋದ ಮೇಲೆ ಹಳೆಯದನ್ನು ಹರಿಯಬೇಕಲ್ಲ, ಹಳೆಯ ಡಿಸ್ಕನ್ನು ಅಳಿಸಿದಳು. ಮೇಲುಮೇಲೆ ಅಳಿಸುವುದಲ್ಲ, ಮತ್ತೆ ಯಾರೂ ಕೆದಕಲಾರದಂತೆ. ಅವಳು ಯಾವ ಕೆಲಸವನ್ನೂ ಅರ್ಧ ಮಾಡುವವಳಲ್ಲ.

ಆ ಸಂಜೆ ಅತ್ತೆ ಎಂದಿನಂತೆ ತಮ್ಮ ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿದರು. ಯಂತ್ರದ ದನಿ, 'ಹೊಸದು. ಹೆಸರಿಲ್ಲ' ಎಂದಿತು. ಮತ್ತೆ ಒತ್ತಿದರು. 'ಹೊಸದು. ಹೆಸರಿಲ್ಲ.' ಅತ್ತೆಯ ಬೆರಳು ಇನ್ನೂ ಸ್ವಲ್ಪ ದೂರ ನಡೆಯಿತು. ಪ್ರತಿ ಹೆಜ್ಜೆಗೂ ಅದೇ ಮಾತು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ಟವೆಲ್ ಹಿಡಿದು ನಿಂತು ಕೇಳುತ್ತಿದ್ದಳು. ಅತ್ತೆ ಬೈಯಲಿಲ್ಲ, ಏನಾಯಿತೆಂದು ಕೇಳಲೂ ಇಲ್ಲ. ರಿಮೋಟನ್ನು ಕುರ್ಚಿಯ ಕೈಮೇಲೆ ಮೆಲ್ಲಗೆ ಇಟ್ಟು, ಇವತ್ತು ಬೇಡ ಎಂದು ಎದ್ದು ಒಳಗೆ ಹೋದರು.

ಏನಾಗಿದೆಯೆಂದು ತಿಳಿಯಲು ಸೊಸೆಗೆ ಮೂರು ದಿನ ಹಿಡಿಯಿತು. ಮಾವ ಬರೆದ ಹೆಸರು, ಟಿಪ್ಪಣಿ, ಯಾವುದನ್ನು ಕೇಳಿಯಾಗಿದೆ ಯಾವುದನ್ನು ಇಲ್ಲ ಎಂಬ ಗುರುತು, ಇವೊಂದೂ ಆ ಫೈಲುಗಳ ಒಳಗೆ ಇರಲೇ ಇಲ್ಲ. ಸರ್ವರ್ ಅವನ್ನೆಲ್ಲ ಹಳೆಯ ಡಿಸ್ಕಿನಲ್ಲೇ ತನ್ನದೇ ಬೇರೆ ಮೂಲೆಯಲ್ಲಿ ಇಟ್ಟುಕೊಂಡಿತ್ತು. ಆ ಮೂಲೆಯನ್ನು ಅವಳು ನೋಡಿದ್ದಳು. ಅರ್ಥವಿಲ್ಲದ ಹೆಸರಿನ ಪುಡಿ ಫೈಲುಗಳು ತುಂಬಿದ್ದ ಫೋಲ್ಡರು. ಕಸವೆಂದುಕೊಂಡು ಬಿಟ್ಟುಬಂದಿದ್ದಳು. ಸರ್ವರ್ ತಾನಾಗಿ ಇಟ್ಟ ಬ್ಯಾಕಪ್ಪು ಕೂಡ ಅದೇ ಮೂಲೆಯಲ್ಲಿತ್ತು, ಅದರ ಜೊತೆಗೇ ಮಣ್ಣಾಗಿತ್ತು. ತಾರೀಖು ನೋಡಿ ಜೋಡಿಸೋಣವೆಂದರೆ ಎಲ್ಲಕ್ಕೂ ಅವಳು ಸಾಗಿಸಿದ ದಿನದ ತಾರೀಖೇ ಬಿದ್ದಿತ್ತು. ರೆಕಾರ್ಡರು ಕೊಟ್ಟ ಸಂಖ್ಯೆ ಹಿಡಿದು ಹೋಗೋಣವೆಂದರೆ, ಖಾಲಿ ಮಾಡಿದಾಗಲೆಲ್ಲ ಮತ್ತೆ ಮೊದಲಿನಿಂದ ಎಣಿಸುವ ರೆಕಾರ್ಡರು ಅದು.

ಗಾಯದ ಮೇಲೆ ಬರೆ ಎಂಬಂತೆ, ಫೈಲುಗಳನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡಿ ಗುರುತಿಸು ಎಂದು ಸರ್ವರಿಗೆ ಹೇಳಿದ್ದೇ ತಡ, ಅದು ತನ್ನ ಬುದ್ಧಿ ಓಡಿಸಿ ಇಂಟರ್ನೆಟ್ಟಿನಿಂದ ಯಾವ ಯಾವುದೋ ಚಿತ್ರ ಹುಡುಕಿ ತಂದು ಅಂಟಿಸಿತು. ಒಂದು ಓದಿಗೆ ಬಂದೂಕು ಹಿಡಿದ ಮೀಸೆಯವನು, ಇನ್ನೊಂದಕ್ಕೆ ಈಜುಡುಗೆಯ ಹುಡುಗಿ. ಗಂಡ ಅದನ್ನು ನೋಡಿ, ಅಪ್ಪ ಇದ್ದಿದ್ದರೆ ಹುಡುಗಿಯದನ್ನು ತೆಗೆಯಬೇಡ ಅನ್ನುತ್ತಿದ್ದರು ಎಂದ. ಅವಳು ನಗಲಿಲ್ಲ. ಆಮೇಲೆ ಅವನು ಅವಳ ಪಕ್ಕ ಕೂತು, ಹೆಸರು ಹೋದರೆ ಏನು, ದನಿ ಇದೆಯಲ್ಲ ಎಂದ. ಅವಳೂ ಅದೇ ಧೈರ್ಯದಲ್ಲಿದ್ದಳು. ಅತ್ತೆಗೆ ಒಂದೊಂದನ್ನೇ ಹಾಕಿ ಕೇಳಿಸುವುದು, ಇದು ಇಂಥ ಪುಸ್ತಕ ಎಂದು ಅವರು ಹೇಳಿದಂತೆ ಬರೆದುಕೊಳ್ಳುವುದು. ಈ ಸಲ ಫೈಲಿನ ಒಳಗೇ ಬರೆಯುವುದು. ಮಾವನ ಒಗ್ಗರಣೆಯ ಮಾತು ಮರಳಿ ಬರುವುದಿಲ್ಲ. ಆದರೆ ಮಿಕ್ಕದ್ದನ್ನು ಕಟ್ಟಿ ನಿಲ್ಲಿಸಬಹುದು.

ಅತ್ತೆ ಒಪ್ಪಲಿಲ್ಲ. ಯಾವುದನ್ನೂ ಹಾಕಬೇಡ ಎಂದರು.

ತಾನು ಮಾಡಿದ ತಪ್ಪಿಗೆ ಇದು ಶಿಕ್ಷೆ ಎಂದುಕೊಂಡಳು ಸೊಸೆ. ದಿನವೂ ಗೋದಾಮಿನಿಂದ ಬಂದು ನೋಡಿದರೆ ಅತ್ತೆ ಅದೇ ಕುರ್ಚಿಯಲ್ಲಿ, ಆರಿದ ಟಿವಿಯ ಎದುರು, ಕೈ ಮಡಿಲಲ್ಲಿಟ್ಟು ಕೂತಿರುತ್ತಿದ್ದರು. ಮಾತಾಡಿಸಿದರೆ ಮಾತಾಡುವರು, ಕರೆದರೆ ಊಟಕ್ಕೆ ಬರುವರು. ಆದರೆ ಸಂಜೆಯ ಹೊತ್ತು ಮನೆ ಬಾಯಿ ಹೊಲಿದಂತೆ ಇರುತ್ತಿತ್ತು.  ಕಡೆಗೊಂದು ದಿನ ಸೊಸೆ ಅತ್ತೆಯ ತಲೆ ಬಾಚುತ್ತ, ನನ್ನ ಮೇಲೆ ಸಿಟ್ಟಿದ್ದರೆ ಬಾಯಿಬಿಟ್ಟು ಬೈದುಬಿಡಿ, ಅವರ ದನಿಯನ್ನು ಯಾಕೆ ದೂರ ಮಾಡುತ್ತೀರಿ ಎಂದು ಕೇಳಿಯೇಬಿಟ್ಟಳು.

 ಅತ್ತೆ ಕೈ ಹಿಂದಕ್ಕೆ ಚಾಚಿ ಬಾಚಣಿಗೆಯನ್ನು ತಡೆದರು.

"ನಿನ್ನ ಮೇಲೆ ಏನಿಲ್ಲ ಕಣಮ್ಮ," ಎಂದರು. "ಅದರಲ್ಲಿ ಒಂದು ನಾನು ಕೇಳದೇ ಇರೋದು ಇದೆ. ಈಗ ಯಾವುದನ್ನ ಹಾಕಿದ್ರೂ ಅದೇ ಇರಬಹುದು."

ಆಮೇಲೆ ಹೇಳಿದರು. ಕಣ್ಣು ಹೋದ ಮೇಲೂ ಅತ್ತೆ ತಮ್ಮ ಹೊಲಿಗೆ ಯಂತ್ರದ ಮುಂದೆ ಕೂರುವುದನ್ನು ಬಿಟ್ಟಿರಲಿಲ್ಲ. ದಿಂಬಿನ ಚೀಲ, ಒರೆಸುವ ಬಟ್ಟೆ, ನೇರ ಹೊಲಿಗೆ ಸಾಕಾಗುವಂಥವು. ಎರಡು ಸಲ ಸೂಜಿ ಬೆರಳಿಗೆ ಇಳಿದಿತ್ತು. ಮಾವ ಹೇಳಿ ಹೇಳಿ ಸೋತು, ಒಂದು ದಿನ ಅತ್ತೆ ಸ್ನಾನಕ್ಕೆ ಹೋದ ಹೊತ್ತು ನೋಡಿ ಯಂತ್ರವನ್ನು ಬೀದಿಯ ಕೊನೆಯ ದರ್ಜಿಗೆ ಸುಮ್ಮನೆ ಕೊಟ್ಟು ಕಳಿಸಿದರು. ಅತ್ತೆ ಬಂದು ಕೈ ಚಾಚಿದರೆ ಅಲ್ಲಿ ಗೋಡೆ ಇತ್ತು.

"ಕಣ್ಣು ಹೋಗಿತ್ತು, ಕೈ ಹೋಗಿರಲಿಲ್ಲವಲ್ಲ," ಎಂದರು ಅತ್ತೆ. "ಹೇಳಿ ಕೊಟ್ಟಿದ್ರೆ ಕೊಡ್ತಿದ್ದೆನೋ ಏನೋ."

ಹೊಲಿಗೆ ಯಂತ್ರ ಹೋದ ಸಂಜೆ ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡರು. ಹೊರಗೆ ಮಾವ ಗಂಟಲು ಸರಿಮಾಡಿಕೊಂಡದ್ದು, ಪ್ರಯಾಣಿಕರೇ ಎಂದದ್ದು ಕೇಳಿಸಿತು. ದಿಂಬನ್ನು ಕಿವಿಗೆ ಒತ್ತಿಕೊಂಡರು. ಆ ವಾರ ಮುಗಿಯುವುದರೊಳಗೆ ಮಾವ ನಿಂತಲ್ಲೇ ಕುಸಿದು ತೀರಿಕೊಂಡರು. ನಡುವಿನ ದಿನಗಳಲ್ಲಿ ಓದೂ ಇರಲಿಲ್ಲ, ಮಾತೂ ಇರಲಿಲ್ಲ. ಅಂದು ಓದಿದ್ದನ್ನು ಮಾತ್ರ ಮಾವ ತಪ್ಪದೆ ಪೆಟ್ಟಿಗೆಗೆ ಹಾಕಿಟ್ಟಿದ್ದರು. ಅತ್ತೆ ಸಂಜೆ ಸಂಜೆ ಗುಂಡಿ ಒತ್ತುತ್ತ ಹೋಗುವಾಗ ಒಂದೆಡೆ ಮಾತ್ರ ಯಂತ್ರ, ಇನ್ನೂ ಕೇಳಿಲ್ಲವೆಂಬ ಅರ್ಥದಲ್ಲಿ, 'ಹೊಸದು' ಎನ್ನುತ್ತಿತ್ತು. ಹೆಸರು ಹೇಳುವ ಮೊದಲೇ ಅವರು ಬೆರಳನ್ನು ಮುಂದಕ್ಕೆ ದಾಟಿಸಿಬಿಡುತ್ತಿದ್ದರು. ಅದರಲ್ಲಿ ಮಾವ ತಪ್ಪಾಯಿತು ಅಂದಿದ್ದರೆ ಇನ್ನು ಯಾರಿಗೆ ಹೋಗಿ ಸರಿ ಎನ್ನುವುದು. ಅನ್ನದೇ ಇದ್ದಿದ್ದರೆ ಅದನ್ನು ಹೇಗೆ ತಡೆದುಕೊಳ್ಳುವುದು. ಹೀಗೆ ಎರಡು ವರ್ಷ ದಾಟಿಸಿದ್ದರು.

ಈಗ ಎಲ್ಲವೂ ಹೊಸದು.

ಸೊಸೆ ಬಾಚಣಿಗೆಯನ್ನು ಕೆಳಗಿಟ್ಟಳು. ಅದೊಂದನ್ನು ಹುಡುಕಿ ಬೇರೆ ತೆಗೆದಿಟ್ಟರೆ ಉಳಿದವನ್ನು ಕೇಳುತ್ತೀರಾ ಎಂದು ಕೇಳಿದಳು. ಅತ್ತೆ ಒಪ್ಪಿ ತಲೆಯಾಡಿಸಿದರು. ಹುಡುಕುವುದೆಂದರೆ ಅವಳು ಕೇಳಬೇಕಾಗುತ್ತದೆ, ಅದು ಇಬ್ಬರಿಗೂ ಗೊತ್ತಿತ್ತು. "ಗೊತ್ತಾಗೋಷ್ಟು ಮಾತ್ರ," ಎಂದರು ಅತ್ತೆ. ಸೊಸೆಯ ಮೇಜಿನ ನಿಯಮವೇ ಅತ್ತೆಯ ಬಾಯಲ್ಲಿ ಬಂದಿತ್ತು.

ಹುಡುಕುವ ದಾರಿಯೇನೋ ಸುಲಭವಾಗಿ ಹೊಳೆಯಿತು. ಮಾವ ಓದಿದ್ದೆಲ್ಲ ಅತ್ತೆಯ ಎದುರಿಗೆ. ಹಾಗಾಗಿ ಪ್ರತಿಯೊಂದರಲ್ಲೂ ಅತ್ತೆಯ ಹೂಂ ಇರಲೇಬೇಕು. ಹೂಂ ಇಲ್ಲದ್ದು ಯಾವುದೋ ಅದೇ ಅದು. ಅವಳು ಫೈಲುಗಳನ್ನು ಫೋನಿಗೆ ಹಾಕಿಕೊಂಡು ಗೋದಾಮಿಗೆ ಒಯ್ದಳು. ಊಟದ ಬಿಡುವಿನಲ್ಲಿ, ಟೇಪು ಸುತ್ತಿದ ರಾಶಿ ಪೆಟ್ಟಿಗೆಗಳ ಹಿಂದೆ, ಮಡಿಸಿದ ರಟ್ಟಿನ ಮೇಲೆ ಕೂತು ಕಿವಿಗೆ ಇಯರ್‌ಫೋನಿನ ತಂತಿ ಸಿಕ್ಕಿಸಿಕೊಂಡಳು. ಗಂಟಲು ಸರಿಮಾಡಿಕೊಂಡ ಸದ್ದು. ಪ್ರಯಾಣಿಕರೇ. ಓಡುವ ಓದು. ಎರಡನೆಯ ಮಾತಿಗೋ ಮೂರನೆಯದಕ್ಕೋ ಅತ್ತೆಯ ಹೂಂ. ನಿಲ್ಲಿಸುವುದು, ಮುಂದಿನದಕ್ಕೆ ಹೋಗುವುದು. ಒಂದರಲ್ಲಿ ಅತ್ತೆ, 'ಈ ಹೆಂಗಸಿಗೆ ಬುದ್ಧಿ ಇಲ್ಲ' ಎನ್ನುತ್ತಿದ್ದರು. ಇನ್ನೊಂದರಲ್ಲಿ ಲೋಟ ಕೆಳಗಿಟ್ಟ ಸದ್ದು. ಇಬ್ಬರು ಮನುಷ್ಯರ ಎಷ್ಟೊಂದು ಸಂಜೆಗಳನ್ನು ಅವಳು ಹೀಗೆ ಬಾಗಿಲು ತೆರೆದು ಮುಚ್ಚುತ್ತ ಹೋದಳು. ಒಂದನ್ನೂ ಪೂರ್ತಿ ಕೇಳಲಿಲ್ಲ. ಕೇಳಬೇಕೆಂದು ಆಸೆಯಾದದ್ದು ಸುಳ್ಳಲ್ಲ.

ಕೆಲವು ದಿನಗಳಾದ ಮೇಲೆ ಹೂಂ ಇಲ್ಲದ ಒಂದು ಸಿಕ್ಕಿತು.  ಮೂರು ಮಾತಾಯಿತು, ಪುಟವೂ ಮುಗಿಯಿತು, ಅತ್ತೆಯ ಸೊಲ್ಲಿಲ್ಲ. ಇದೇ ಎಂದು ಮುಚ್ಚಲು ಬೆರಳು ಎತ್ತಿದಳು. ಆದರೆ ಒಮ್ಮೆ ತಪ್ಪಿದವಳಿಗೆ ತನ್ನ ಮೇಲೆಯೇ ನಂಬಿಕೆ ಇಲ್ಲ; ಇನ್ನೊಂದು ಚೂರು ಕೇಳೋಣ ಎಂದು ತಡೆದಳು. ಮಾವನ ದನಿ ಇದ್ದಕ್ಕಿದ್ದಂತೆ ತಗ್ಗಿತು. "ನಿದ್ದೆ ಬಂತೇನೇ?" ಎಂದು ಕೇಳಿತು. ಉತ್ತರವಾಗಿ ಒಂದು ಸಣ್ಣ ಗೊರಕೆ. "ಸರಿ, ಗಾಡಿ ನಾಳೆ ಹೊರಡುತ್ತೆ," ಎಂದು ಪಿಸುಗುಟ್ಟಿ ರೆಕಾರ್ಡರು ನಿಂತಿತು. ಅವಳು ನಕ್ಕುಬಿಟ್ಟಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ತೀರ್ಪು ಕೊಡಲು ಎಷ್ಟು ಆತುರಪಟ್ಟೆನೆಂದು ಆಮೇಲೆ ಹೊಳೆಯಿತು.

ನಿಜವಾದದ್ದು ಅದಾದ ಮೇಲೆ ಸಿಕ್ಕಿತು. ಗಂಟಲು ಸರಿಮಾಡಿಕೊಂಡದ್ದು ಎಂದಿಗಿಂತ ಜೋರಾಗಿತ್ತು, ಗೋಡೆಯಾಚೆಗೂ ಕೇಳಲಿ ಎಂಬಂತೆ. ಪ್ರಯಾಣಿಕರೇ, ದಯವಿಟ್ಟು ಗಮನಿಸಿ. ಆಮೇಲೆ ಓದು. ಎರಡು ವಾಕ್ಯ ಓದಿ ಮಾವ ನಿಂತರು. ಏನೂ ಇಲ್ಲ, ಗೋಡೆ ಗಡಿಯಾರದ ಸದ್ದು ಮಾತ್ರ. ಮತ್ತೆ ಎರಡು ವಾಕ್ಯ. ಮತ್ತೆ ನಿಂತರು. ಹೂಂ ಬರಬೇಕಾದ ಜಾಗದಲ್ಲೆಲ್ಲ ಅವರು ಹೂಂ ಅನ್ನುವಷ್ಟು ಹೊತ್ತು ಕಾದು, ಆಮೇಲೆ ಮುಂದಕ್ಕೆ ಹೋಗುತ್ತಿದ್ದರು. ಅಷ್ಟು ಸಾಕಿತ್ತು. ಯಾರದೆಂದು ತಿಳಿದಿತ್ತು. ಸೊಸೆ ತಂತಿಯನ್ನು ಕಿವಿಯಿಂದ ಕಿತ್ತಳು. ಬಿಡುವು ಮುಗಿದ ಗಂಟೆ ಹೊಡೆದರೂ ಅವಳಿಗೆ ಏಳಲಾಗಲಿಲ್ಲ. ಮೇಲ್ವಿಚಾರಕ ಬಂದು, ಏನು ಪೆಟ್ಟಿಗೆಗಳ ಜೊತೆ ನಿನಗೂ ಚೀಟಿ ಅಂಟಿಸಬೇಕಾ ಎಂದು ಕೇಳಿದ. ಅವಳ ಮುಖ ನೋಡಿ ಹೊರಟುಹೋದ.

ಸಂಜೆ ಅತ್ತೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಸಿಕ್ಕಿತು ಎಂದಳು. ಅತ್ತೆಯ ಕೈ ಸೀರೆಯ ಅಂಚನ್ನು ಹಿಡಿದುಕೊಂಡಿತು.

"ಎಷ್ಟು ಕೇಳಿದೆ?"

"ಶುರುವಿನದ್ದು ಅತ್ತೆ. ಅಷ್ಟೇ."

"ಸಿಟ್ಟಲ್ಲಿ ಓದಿದ್ದಾರಾ?"

 ಮುಚ್ಚಿದ ಪೆಟ್ಟಿಗೆಯೊಳಗೆ ಏನಿತ್ತೆಂದು ಸೊಸೆ ಯಾವತ್ತೂ ಯಾರಿಗೂ ಹೇಳಿದವಳಲ್ಲ. ಆದರೆ ಕೇಳುತ್ತಿರುವವರೇ ಪೆಟ್ಟಿಗೆಯ ಯಜಮಾನರು.

"ಇಲ್ಲ," ಎಂದಳು. "ನಿಧಾನಕ್ಕೆ ಓದಿದ್ದಾರೆ. ನಿಂತು ನಿಂತು."

"ನಿಧಾನಕ್ಕಾ," ಎಂದರು ಅತ್ತೆ. "ಅವರಾ?"

ಕೋಣೆಯಲ್ಲಿ ಬೆಳಕು ಕಡಿಮೆಯಾಗುತ್ತಿತ್ತು. ಎದ್ದು ದೀಪ ಹಾಕಬೇಕೆಂದು ಸೊಸೆಗೆ ತೋಚಲಿಲ್ಲ. ಅತ್ತೆ ಮುಖವನ್ನು ಒಂದು ಕಡೆ ತಿರುಗಿಸಿ ಕೂತಿದ್ದರು. ಅದನ್ನು ಈಗ ಎಲ್ಲಿ ಇಟ್ಟಿದ್ದೀಯ ಎಂದು ಕೇಳಿದರು. ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದೇನೆ, ಗುರುತು ಹಾಕಿದ್ದೇನೆ, ಇನ್ನು ಅದು ತಪ್ಪಿಯೂ ನಿಮ್ಮ ಕಿವಿಗೆ ಬೀಳುವುದಿಲ್ಲ, ಧೈರ್ಯವಾಗಿ ಉಳಿದವನ್ನು ಕೇಳಿ ಎಂದು ಸೊಸೆ ವಿವರಿಸಿದಳು.

"ತೆಗೆದುಬಿಡು," ಎಂದರು ಅತ್ತೆ.

"ಅಳಿಸೋದಾ?"

"ಗುರುತು ತೆಗಿ. ಎಲ್ಲದರ ಜೊತೆ ಸೇರಿಸಿಬಿಡು."

ಹಾಗೆ ಮಾಡಿದರೆ ಯಾವತ್ತೋ ಒಂದು ದಿನ ಅದು ತಾನಾಗಿ ಬರುತ್ತದೆ, ನಾಳೆಯೇ ಬರಬಹುದು, ಎಂದು ಸೊಸೆ ಗಾಬರಿಯಿಂದ ಹೇಳಿದಳು. ಬೇಕಾದಾಗ ಹಾಕಿಕೊಡುತ್ತೇನೆ, ಯೋಚಿಸಿ ಎಂದಳು. ಅತ್ತೆ ಬೇಡವೆಂದು ತಲೆಯಾಡಿಸಿದರು.

"ಬೇಕಾದಾಗ ಅಂದ್ರೆ ನನಗೆ ಯಾವತ್ತೂ ಬೇಕಾಗಲ್ಲ ಕಣೇ. ಬರೋ ದಿನ ಬರಲಿ. ಪಾಪ, ಅವರೂ ಎಷ್ಟು ದಿನ ಅಂತ ಬಾಗಿಲ ಹೊರಗೆ ಕೂತಿರ್ತಾರೆ."

ಸೊಸೆ ಆ ಕೆಲಸವನ್ನು ಮಾಡಿದಳು. ಬೆಣ್ಣೆಯಿಂದ ಕೂದಲು ತೆಗೆದಂತೆ ಬೇರ್ಪಡಿಸಿದ್ದನ್ನು ಮತ್ತೆ ರಾಶಿಗೆ ಬಿಟ್ಟಳು. ಬಂದೂಕಿನವನನ್ನೂ ಈಜುಡುಗೆಯವಳನ್ನೂ ಕಿತ್ತು ಹಾಕಿದಳು. ತಾನಾಗಿ ಕಲಸಿ ಒಂದನ್ನು ಆರಿಸಿ ಹಾಕು ಎಂದು ಸರ್ವರಿಗೆ ಹೇಳಿಕೊಟ್ಟಳು. ಕೆಲಸ ಮುಗಿಸಿಕೊಂಡು ಬಂದ ಗಂಡ ಎಲ್ಲವನ್ನೂ ಕೇಳಿ, ಹಾಗಾದರೆ ನೀನು ಅಳಿಸಿದ್ದು ಒಂದು ರೀತಿ ಒಳ್ಳೆಯದೇ ಆಯಿತು ಬಿಡು ಎಂದ. ಅವಳು ಒಪ್ಪಲಿಲ್ಲ. ಎರಡು ಸಲ ನಕ್ಕಳು ಎಂದು ಮಾವ ಬರೆದದ್ದು ಯಾವ ಓದಿನ ಕೆಳಗೆ ಎಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಅದು ಹೋಯಿತು. ಯಾವ ಸಮಾಧಾನವೂ ಅದನ್ನು ಮರಳಿ ತರುವುದಿಲ್ಲ. ಅಷ್ಟನ್ನು ಅವಳು ತನ್ನ ಲೆಕ್ಕದಲ್ಲೇ ಇಟ್ಟುಕೊಂಡಳು.

ಯಾವುದು ಅದು, ನನಗಾದರೂ ಹೇಳು ಎಂದ ಗಂಡ. ಅವನೂ ಅವರ ಮಗ, ಕೇಳುವುದು ತಪ್ಪಲ್ಲ. ಅವಳು ಹೇಳಲಿಲ್ಲ. ಅವನು ಒತ್ತಾಯ ಮಾಡಲಿಲ್ಲ. ಚಪ್ಪಲಿ ಬಿಟ್ಟು ಅಮ್ಮನ ಕುರ್ಚಿಯ ಹಿಂದೆ ಬಂದು ನಿಂತ.

ಅತ್ತೆ ಗುಂಡಿ ಒತ್ತಿದರು. ಯಂತ್ರ ಹೊಸದು ಎಂದಿತು. ಅತ್ತೆ ಈ ಸಲ ದಾಟಿಸಲಿಲ್ಲ. ಟಿವಿಯೊಳಗೆ ಮಾವ ಗಂಟಲು ಸರಿಮಾಡಿಕೊಂಡರು.

ಸೊಸೆ ಅಡುಗೆಮನೆಯಲ್ಲಿ ತೊಟ್ಟಿಯ ಮುಂದೆ ನಿಂತಿದ್ದಳು. ಗಂಟಲಿನ ಸದ್ದು ಎಷ್ಟು ಜೋರಾಗಿತ್ತು ಎಂದು ಅಳೆದು ನೋಡಿದರೆ ಸಾಕು, ಇದು ಆ ಓದೋ ಅಲ್ಲವೋ ಎಂದು ಅವಳಿಗೆ ತಿಳಿದುಹೋಗುತ್ತದೆ. ಅತ್ತೆಗಿಂತ ಮೊದಲೇ, ಪುಸ್ತಕದ ಮೊದಲ ಮಾತಿಗಿಂತ ಮೊದಲೇ. ಅವಳು ನಲ್ಲಿಯನ್ನು ಪೂರ್ತಿ ತಿರುಗಿಸಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯಲು ತೊಡಗಿದಳು.